ಮುಝಮ್ಮಿಲ್ ಸುತ್ತಿದ ತಂತಿ

ವಾಟ್ಸಾಪ್ ಗ್ರೂಪಿನಲ್ಲಿ ನಕ್ಕದ್ದು ಯಾರು? "ಅಂಕಲ್‌ಗೆ ವಯಸ್ಸಾಯಿತು, ಕತಾರಿನ ಮರಳಿನಲ್ಲಿ ಪೈನ್ ಮರ ನೆಡುತ್ತಿದ್ದಾರೆ" ಎಂದು ಬರೆದವನು ಯಾರು? ಯಾರೇ ಆಗಿರಲಿ, ಮೊದಲು ನಿನ್ನ ಹೆಂಡತಿಯ ಫೋನ್ ನಂಬರನ್ನು ನೋಡದೆ ಹೇಳು, ಆಮೇಲೆ ನನ್ನ ನೆನಪನ್ನು ಅಳೆಯಲು ಬಾ. ತೊಂಬತ್ತರ ದಶಕವಿಡೀ ನಾನು ದೋಹಾದ ಅಲ್ ಮುಂತಜಾದಲ್ಲಿ ಎಲೆಕ್ಟ್ರಿಕ್ ಅಂಗಡಿ ನಡೆಸಿದವನು. ನೀವೆಲ್ಲ ಈಗ ಗಾಜಿನ ಕಟ್ಟಡಗಳ ಎದುರು ನಿಂತು ಫೋಟೋ ಹಾಕುವ ಲುಸೈಲ್ ಆಗ ಬರೀ ಮರಳು. ನನ್ನ ಅಂಗಡಿಯ ಮೇಲಿನ ಫ್ಲಾಟಿನಲ್ಲಿ ಪೈನ್ ಮರ ಇತ್ತು. ಊಟದ ತಟ್ಟೆಯಷ್ಟು ಅಗಲದ ಕುಂಡ, ಅದರಲ್ಲಿ ಒಂದು ಮೊಳ ಎತ್ತರದ ಮರ. ಬೊನ್ಸಾಯ್! ಇತ್ತು ಎಂದರೆ ಇತ್ತು. ಇನ್ನು ಮಧ್ಯೆ ಬಾಯಿ ಹಾಕಬೇಡಿ.

ತೊಂಬತ್ತಾರರ ಬೇಸಿಗೆಯ ಒಂದು ಬೆಳಿಗ್ಗೆ ಆ ಫ್ಲಾಟಿನ ಬಾಲ್ಕನಿ ಬಾಗಿಲಿಗೆ ಸಫೂರಾ ಎರಡೂ ಕೈ ಚಾಚಿ ಅಡ್ಡ ನಿಂತಿದ್ದರು. ಎದುರಿಗೆ ಸೊಸೆ ಶಹನಾಝ್. ಅವಳ ಕೈಯಲ್ಲಿ ನನ್ನ ಅಂಗಡಿಯ ತಂತಿ ಕತ್ತರಿಸುವ ಇಕ್ಕಳ. ಅದನ್ನು ಕೊಟ್ಟು ಕಳಿಸಿದ್ದು ನಾನು, ತೆಗೆದುಕೊಂಡು ಹೋದದ್ದು ನನ್ನ ಹೆಂಡತಿ ರೋಸ್‌ಮೇರಿ.

"ಒಂದು ಹೆಜ್ಜೆ ಮುಂದೆ ಇಟ್ಟರೆ ನೋಡು!" ಎಂದರು ಸಫೂರಾ. "ನನ್ನ ಮಗ ಸುತ್ತಿದ ತಂತಿ ಅದು. ಅವನ ಬೆರಳು ತಾಗಿದ್ದು ಈ ಮನೆಯಲ್ಲಿ ಇನ್ನೆಂತ ಉಳಿದಿದೆ? ಬಟ್ಟೆಯೆಲ್ಲ ದಾನ ಕೊಟ್ಟು ಆಯ್ತು. ಇದನ್ನೂ ಕತ್ತರಿಸಿ ಬಿಸಾಡುತ್ತೀಯಾ?"

"ಉಮ್ಮಾ... ತಂತಿ ತೊಗಟೆಯೊಳಗೆ ಇಳಿದಿದೆ. ಈಗ ತೆಗೆಯದಿದ್ದರೆ ಮರ ಸಾಯುತ್ತದೆ."

"ಸಾಯಲಿ! ಮನುಷ್ಯನೇ ಹೋದ ಮೇಲೆ ಮರಕ್ಕೆಂತ?"

ಶಹನಾಝ್ ಇಕ್ಕಳವನ್ನು ಮೇಜಿನ ಮೇಲಿಟ್ಟು ತನ್ನ ಕೋಣೆಗೆ ಹೋದಳು. ಬಾಗಿಲು ಹಾಕಿಕೊಂಡ ಸದ್ದು ಕೂಡ ಬರಲಿಲ್ಲ ಎಂದಳು ರೋಸ್‌ಮೇರಿ. ಅಷ್ಟು ಮೆಲ್ಲಗೆ!

ಮುಝಮ್ಮಿಲ್ ಉಳ್ಳಾಲದ ಕಡೆಯ ಹುಡುಗ. ರಾಸ್ ಲಫಾನಿನಲ್ಲಿ ಗ್ಯಾಸ್ ಪ್ಲಾಂಟ್ ಕಟ್ಟುತ್ತಿದ್ದ ಕಾಲ. ಅಲ್ಲಿ ಒಬ್ಬ ಜಪಾನೀ ಇಂಜಿನಿಯರನ ಕೈಕೆಳಗೆ ಟೆಕ್ನಿಶಿಯನ್ ಆಗಿದ್ದ. ವಾರವಿಡೀ ಕ್ಯಾಂಪು, ರಜೆಗೆ ಮಾತ್ರ ಮನೆ. ಆ ಜಪಾನೀ ಊರಿಗೆ ಹೊರಟಾಗ ತನ್ನ ಮರವನ್ನು ಇವನ ಕೈಗಿತ್ತು, ಸಾಕುವ ಕ್ರಮವನ್ನೂ ಹೇಳಿಕೊಟ್ಟು ಹೋದ. ಕೊಂಬೆಗೆ ತಾಮ್ರದ ತಂತಿ ಸುತ್ತಬೇಕು, ಬೇಕಾದ ಕಡೆಗೆ ಸ್ವಲ್ಪ ಸ್ವಲ್ಪವೇ ಬಗ್ಗಿಸಬೇಕು. ಕೆಲವು ತಿಂಗಳಲ್ಲಿ ಕೊಂಬೆಗೆ ಆ ಬಾಗು ಅಭ್ಯಾಸವಾಗುತ್ತದೆ. ಆಗ ತಂತಿಯನ್ನು ಅಲ್ಲಲ್ಲೇ ತುಂಡು ಮಾಡಿ ತೆಗೆಯಬೇಕು. ಸುತ್ತಿದ ಹಾಗೆಯೇ ಬಿಚ್ಚಲು ಹೋಗಬಾರದು, ಕೊಂಬೆ ತಾಳುವುದಿಲ್ಲ. ತಂತಿ ಬೇಕೆಂದು ಮುಝಮ್ಮಿಲ್ ನನ್ನಲ್ಲಿಗೆ ಬಂದ. ಹಳೆಯ ಕೇಬಲ್ ಸುಲಿದು, ತಾಮ್ರವನ್ನು ಸ್ಟವ್ವಿನ ಮೇಲೆ ಕಾಯಿಸಿ ಮೆತ್ತಗೆ ಮಾಡಿ ಕೊಟ್ಟೆ. ತೊಂಬತ್ತಾರರ ಜನವರಿಯ ಚಳಿಯಲ್ಲಿ ಬಾಲ್ಕನಿಯಲ್ಲಿ ಕುಳಿತು ಅದನ್ನು ಮರಕ್ಕೆ ಸುತ್ತಿದ್ದ. ಆಗ ಅವನು ನಗುವುದು ಕೆಳಗೆ ನನ್ನ ಅಂಗಡಿಗೂ ಕೇಳುತ್ತಿತ್ತು.

ಜೂನಿನಲ್ಲಿ ಹೋಗಿಬಿಟ್ಟ... ಕ್ಯಾಂಪಿನಿಂದ ಮನೆಗೆ ಬರುವಾಗ ಅಲ್ ಖೋರ್ ರಸ್ತೆಯಲ್ಲಿ ಪಿಕಪ್ ಮಗುಚಿತು. ಮಗನ ಮನೆ ನೋಡಲೆಂದು ತಾಯಿ ಊರಿನಿಂದ ಬಂದು ವಾರ ಕಳೆದಿರಲಿಲ್ಲ! ಅಬು ಹಮೂರಿನ ಕಬರಸ್ಥಾನದಲ್ಲಿ ದಫನ್ ಮಾಡಿ ಬಂದೆವು. ಬಿಸಿಲು ಹೇಗಿತ್ತೆಂದರೆ, ಹಿಡಿಮಣ್ಣು ಹಾಕಿದವರ ಅಂಗೈ ಸುಟ್ಟಿತು.

ಗಂಡ ತೀರಿದ ಹೆಂಗಸು ಇದ್ದತ್ ಕೂರಬೇಕು. ನಾಲ್ಕು ತಿಂಗಳಿಗೂ ಮೇಲೆ, ಗಂಡನ ಮನೆಯಲ್ಲೇ ಇರಬೇಕು. ಹೊರಗೆ ಹೋಗುವಂತಿಲ್ಲ, ಪರಗಂಡಸರ ಕಣ್ಣಿಗೆ ಬೀಳುವಂತಿಲ್ಲ. ಕಂಪನಿಯವರು ಅಷ್ಟು ಕಾಲ ಫ್ಲಾಟು ಬಿಟ್ಟುಕೊಟ್ಟರು, ಅತ್ತೆಯ ವೀಸಾವನ್ನೂ ಮುಂದಕ್ಕೆ ಹಾಕಿಸಿದರು. ಹಾಗೆ ಆ ಬೇಸಿಗೆಯನ್ನು ಇಬ್ಬರು ಹೆಂಗಸರು ಎರಡು ಕೋಣೆಗಳಲ್ಲಿ ಕಳೆದರು. ಎರಡು ಏಸಿಗಳ ಗುಂಯ್ ಶಬ್ದ, ಮೂರನೆಯ ಶಬ್ದ ಇಲ್ಲ. ರೋಸ್‌ಮೇರಿ ದಿನಾ ಮೀನು ಸಾರೋ ಪಲ್ಯವೋ ಹಿಡಿದುಕೊಂಡು ಮೇಲೆ ಹೋಗುವಳು. ನಾನು ಹೋದರೆ ಬಾಗಿಲಾಚೆ. ಏನು ಬೇಕು, ಏನು ಬೇಡ ಎಂದು ಮರದ ಹಲಗೆಯೊಡನೆ ಮಾತಾಡಿ ಬರುವೆ. ಆ ಮನೆಯ ಕಥೆಯಲ್ಲಿ ಅರ್ಧ ನನಗೆ ಆ ಬಾಗಿಲಿನ ಮೂಲಕ ಗೊತ್ತು, ಅರ್ಧ ರೋಸ್‌ಮೇರಿಯ ಬಾಯಿಂದ ಗೊತ್ತು. ಅವಳ ಬಾಯಿ ಸುಳ್ಳು ಹೇಳುವುದಲ್ಲ, ಉದ್ದ ಮಾತ್ರ.

ಸೊಸೆಗೆ ಉಳಿದಿದ್ದ ಒಂದೇ ಕೆಲಸ ಆ ಮರ. ದೋಹಾದ ಬೇಸಿಗೆಯಲ್ಲಿ ತಾರಸಿಯ ಟ್ಯಾಂಕಿನ ನೀರು ಕುದಿಯುತ್ತದೆ. ಗೀಸರ್ ಆಫ್ ಮಾಡಿ, ಅದರಲ್ಲಿ ನಿಂತು ಆರಿದ ನೀರನ್ನು ಬಿಸಿ ನಳ್ಳಿಯಿಂದ ಹಿಡಿಯಬೇಕು. ಹೊಸಬರಾದ ಸಫೂರಾ ಒಮ್ಮೆ ತಣ್ಣೀರಿನ ನಳ್ಳಿಯಿಂದ ಹಿಡಿದು ಕುಂಡಕ್ಕೆ ಹೊಯ್ಯಲು ಹೋದರು. ಶಹನಾಝ್ ಓಡಿ ಬಂದು ಅಂಗೈ ಅಡ್ಡ ಹಿಡಿದಳು. ಬೊಬ್ಬೆ ಎದ್ದಿತು.

"ನನ್ನ ಮಗನಿಗೆ ಹೀಗೆ ಕೈ ಅಡ್ಡ ಹಿಡಿದಿದ್ದರೆ ಅವನು ಇವತ್ತು ಇರುತ್ತಿದ್ದ" ಎಂದರಂತೆ ಸಫೂರಾ. "ಆ ಗುರುವಾರ ಅವನು ಕ್ಯಾಂಪಿನಲ್ಲೇ ಇರಬೇಕಿತ್ತು. ಕರೆಸಿಕೊಂಡದ್ದು ನೀನು! ರಜೆ ಇಲ್ಲ ಎಂದವನು ಸುಮ್ಮನೆ ಬರುತ್ತಾನಾ? ಒಂದು ವಾರ ಗಂಡನನ್ನು ಬಿಟ್ಟು ಇರಲಾಗದವಳು... ಈಗ ಇರು, ಜೀವನವಿಡೀ ಇರು!"

ಶಹನಾಝ್ ಸುಟ್ಟ ಕೈಗೆ ಟೂತ್‌ಪೇಸ್ಟ್ ಹಚ್ಚಿಕೊಂಡು ಅನ್ನ ಬಸಿಯಲು ಹೋದಳು.

ಸೆಪ್ಟೆಂಬರಿನಲ್ಲಿ ಒಂದು ಫೋನ್ ಬಂತು. ಮದುವೆಯಾದ ಹೊಸದರಲ್ಲಿ ಅವಳು ಪಾಠ ಮಾಡುತ್ತಿದ್ದ ಶಾಲೆಯ ಹೆಡ್‌ಮಿಸ್ಸು. ಕೆ.ಜಿ. ಮಕ್ಕಳಿಗೆ ಟೀಚರ್ ಬೇಕು. ವೀಸಾವನ್ನು ಶಾಲೆಯೇ ಕೊಡುತ್ತದೆ, ಇರಲು ಕೋಣೆಯೂ ಉಂಟು. ಶಹನಾಝಳ ಮುಖದಲ್ಲಿ ಅಂದು ಮೊದಲ ಸಲ ಬಣ್ಣ ನೋಡಿದೆ ಎಂದಳು ರೋಸ್‌ಮೇರಿ. ಇಲ್ಲಿದ್ದರೆ ಕಬರಿನ ಹತ್ತಿರ ಇದ್ದ ಹಾಗಾಯಿತು, ಯಾರ ಹಂಗೂ ಇಲ್ಲದೆ ದುಡಿದು ತಿಂದ ಹಾಗಾಯಿತು. ಅವಳಿಗೆ ಬೇಕಿದ್ದದ್ದು ಅಷ್ಟೇ. ಸಫೂರಾ ಮಾತ್ರ ರಿಸೀವರ್ ಕಸಿದು ಇಟ್ಟುಬಿಟ್ಟರು.

"ನನ್ನ ಮನೆಯ ಹೆಣ್ಣು ಪರದೇಶದಲ್ಲಿ ಒಂಟಿಯಾಗಿ ಇರುವುದಾ? ಇದ್ದತ್ ಮುಗಿದ ಮರುದಿನವೇ ಊರಿಗೆ. ನೀನೂ ಬರುತ್ತೀ, ಮರವೂ ಬರುತ್ತದೆ, ತಂತಿ ಸಮೇತ. ಉಳಿದದ್ದು ಅಲ್ಲಿ ಮಾತಾಡುವ. ಶಾಫಿ ಇದ್ದಾನಲ್ಲ."

ಶಾಫಿ ಎಂದರೆ ಮುಝಮ್ಮಿಲನ ತಮ್ಮ. ಮದುವೆಯಾಗದವನು. ರೋಸ್‌ಮೇರಿ ಪಾತ್ರೆಯನ್ನು ಅಲ್ಲೇ ಇಟ್ಟು, ಇಳಿದು ಬಂದು ನನಗೆ ಹೇಳಿದಳು. ಇದ್ದತ್ ಕೂತ ಹೆಣ್ಣಿನ ಎದುರು ಆಡುವ ಮಾತಾ ಅದು!

ನನಗೆ ತಡೆಯಲಾಗಲಿಲ್ಲ. ಮೇಲೆ ಹೋಗಿ ಬಾಗಿಲಾಚೆಯಿಂದಲೇ ಕೂಗಿದೆ: "ಅಲ್ಲ ಸಫೂರಕ್ಕ, ವಿಮಾನದಲ್ಲಿ ಮಣ್ಣು ಸಮೇತ ಮರ ಬಿಡುವುದಿಲ್ಲ. ಮಾಫಿ, ಇಲ್ಲ ಎಂದರೆ ಇಲ್ಲ! ಆ ಹುಡುಗಿಯನ್ನಾದರೂ ಅವಳ ಇಷ್ಟಕ್ಕೆ ಬಿಡಿ."

"ಪೊರ್ಬುಗಳೇ, ನೀವು ನಿಮ್ಮ ಬಲ್ಬು ನೋಡಿಕೊಳ್ಳಿ" ಎಂದಿತು ಬಾಗಿಲು, ನಾನು ಕ್ರಿಶ್ಚಿಯನ್ ಎಂಬುದನ್ನು ಮರೆಯದೆ.

ನಾನು ಕೆಳಗಿಳಿದು ಬಲ್ಬನ್ನೇ ನೋಡಿಕೊಂಡೆ.

ಬೇಸಿಗೆ ಇಳಿಯುವಾಗ ಪೈನ್ ಮರದ ಮೈ ದಪ್ಪವಾಗುತ್ತದಂತೆ. ತಂತಿ ಇನ್ನೂ ಒಳಗೆ ಇಳಿಯಿತು. ಮುಝಮ್ಮಿಲ್ ಆಸೆಯಿಂದ ಬಗ್ಗಿಸಿದ್ದ ದೊಡ್ಡ ಕೊಂಬೆ, ಎಡಕ್ಕೆ ಇಳಿಬಿದ್ದದ್ದು, ಅದರ ತುದಿಯ ಸೂಜಿ ಎಲೆಗಳು ಹಳದಿಯಾಗತೊಡಗಿದವು. ಶಹನಾಝ್ ಮತ್ತೆ ಕೇಳಲಿಲ್ಲ. ಬೆಳಿಗ್ಗೆ ಎದ್ದು ಅದರ ಎದುರು ಕೂರುವಳು, ಉದುರಿದ ಎಲೆ ಹೆಕ್ಕಿ ಅಂಗೈಯಲ್ಲಿ ಇಟ್ಟುಕೊಳ್ಳುವಳು... ಅಷ್ಟೇ. ಅದನ್ನು ಅತ್ತೆ ಬಾಗಿಲ ಸಂದಿಯಿಂದ ನೋಡುತ್ತಿದ್ದರು. ಕಲ್ಲಾದರೂ ಎಷ್ಟು ದಿನ ನೋಡೀತು, ಹೇಳಿ?

ಒಂದು ಮಧ್ಯಾಹ್ನ ಸೊಸೆ ನಮಾಝಿಗೆ ನಿಂತಿದ್ದಾಗ ಸಫೂರಾ ತಾವೇ ಕುಂಡದ ಎದುರು ಕುಳಿತರು. ಪಕ್ಕದಲ್ಲಿ ರೋಸ್‌ಮೇರಿ. ಮರ ಉಳಿಯಬೇಕು ಎಂಬುದು ಆ ತಾಯಿಯ ಮನಸ್ಸಿಗೂ ಬಂದಿತ್ತು. ಆದರೆ ಇಕ್ಕಳ ಮುಟ್ಟಲಿಲ್ಲ. ಮಗ ಸುತ್ತಿದ ತಂತಿ ತುಂಡಾಗಬಾರದು, ಅವನ ಬೆರಳು ತಿರುಗಿದ ಹಾಗೆಯೇ ಸುರುಳಿಯಾಗಿ ಇಡಿಯಾಗಿ ಸಿಗಬೇಕು, ಊರಿನ ಟ್ರಂಕಿನಲ್ಲಿ ಇಟ್ಟುಕೊಳ್ಳಬೇಕು... ಅದಕ್ಕೆ ತುದಿ ಹಿಡಿದು ಬಿಚ್ಚತೊಡಗಿದರು. ಮೊದಲ ಸುತ್ತು ಬಂತು. ಎರಡನೆಯದು ತೊಗಟೆಯನ್ನೂ ಕಿತ್ತುಕೊಂಡು ಬಂತು. "ಬೇಡ ಬೇಡ, ಅವಳನ್ನು ಕರೆಯುತ್ತೇನೆ" ಎಂದಳು ರೋಸ್‌ಮೇರಿ. "ಇನ್ನು ಸ್ವಲ್ಪ, ಬಾಯಮ್ಮಾ, ಇನ್ನು ಸ್ವಲ್ಪ" ಎಂದು ಅವರು ಎಳೆದರು.

ಕೊಂಬೆ ಬುಡದಿಂದಲೇ ಸೀಳಿತು.

ಆ ಕಿರುಚು! ಯಾರಿಗೋ ಕರೆಂಟು ಹೊಡೆಯಿತೆಂದು ನಾನು ಟೆಸ್ಟರ್ ಹಿಡಿದುಕೊಂಡೇ ಮೆಟ್ಟಿಲು ಹತ್ತಿದೆ. ಬಾಗಿಲ ಸಂದಿಯಿಂದ ಪೈನಿನ ರಾಳದ ವಾಸನೆ ಹೊರಗೆ ಬರುತ್ತಿತ್ತು. ಒಳಗೆ ಆ ತಾಯಿ ನೆಲಕ್ಕೆ ಹಣೆ ಹಚ್ಚಿ ಕೂಗುತ್ತಿದ್ದರು.

"ಮುರಿದೆ... ನಾನೇ ಮುರಿದೆ! ಇದನ್ನೂ ನಾನೇ! ಶಹನಾಝ್... ಅವನಿಗೆ ಫೋನ್ ಮಾಡಿದ್ದು ನಾನು! 'ಕಡಲು ದಾಟಿ ಬಂದ ತಾಯಿಗಿಂತ ನಿನಗೆ ಪ್ಲಾಂಟ್ ದೊಡ್ಡದಾ, ನಾಳೆ ಬಾರದಿದ್ದರೆ ನಾನು ಊರಿಗೆ ಹೋಗುತ್ತೇನೆ' ಎಂದೆ. ಸುಸ್ತಾಗಿದೆ ಉಮ್ಮಾ ಎಂದ. ನಾನು ಫೋನ್ ಕುಕ್ಕಿದೆ... ಅವನು ಬಂದ... ಬಂದುಬಿಟ್ಟ ಮಗಳೇ!"

ಕೋಣೆಯ ಕಡೆಯಿಂದ ಹೆಜ್ಜೆ ಸದ್ದು ಬಂತು. ಆಮೇಲೆ ಶಹನಾಝ್.

"ಗೊತ್ತುಂಟು ಉಮ್ಮಾ."

"ಏನು ಗೊತ್ತುಂಟು?"

"ಆಗ ನಾನು ಅಡಿಗೆ ಕೋಣೆಯಲ್ಲೇ ಇದ್ದೆ. ಎಲ್ಲ ಕೇಳಿಸಿತ್ತು."

"ಯಾ ಅಲ್ಲಾಹ್! ಮತ್ತೆ... ಇಷ್ಟು ತಿಂಗಳು ನಿನ್ನ ತಲೆಗೆ ಹೊರಿಸಿದೆನಲ್ಲ! ಬಂದ ಹೆಂಗಸರ ಎದುರೆಲ್ಲ ಹೇಳಿದೆನಲ್ಲ! ಒಂದು ಸಲ ಬಾಯಿ ಬಿಡಬಾರದಿತ್ತಾ?"

"ಬಿಟ್ಟರೆ ನಿಮಗೆ ದೂರಲು ಬೇರೆ ಯಾರಿದ್ದರು, ಉಮ್ಮಾ? ನಿಮ್ಮನ್ನು ನೀವೇ ದೂರಬೇಕಿತ್ತು. ಅದು ನಿಮಗೆ ತಡೆಯುತ್ತಿರಲಿಲ್ಲ. ನಾನು ಸಣ್ಣವಳು, ತಡೆದುಕೊಂಡೆ."

ಬಾಗಿಲಿಗೆ ಹಣೆ ಕೊಟ್ಟು ನಿಂತಿದ್ದೆ, ಮಾರಾಯ್ರೆ. ನಾನೇನು ಮೆತ್ತಗಿನ ಮನುಷ್ಯ ಅಲ್ಲ, ನಿಮಗೆಲ್ಲ ಗೊತ್ತು. ಆದರೂ ಅಂಗಡಿಗೆ ಹೋಗಿ ಅರ್ಧ ಶಟರ್ ಎಳೆದು ಕುಳಿತೆ.

ಇದ್ದತ್ ಮುಗಿಯಿತು. ಹೆಂಗಸರು ಕಬರಸ್ಥಾನದ ಒಳಗೆ ಹೋಗುವಂತಿಲ್ಲ, ಇಬ್ಬರೂ ಗೇಟಿನ ಹೊರಗೆ ನಿಂತು ದುವಾ ಮಾಡಿ ಬಂದರು. ಗಾಳಿ ತಣ್ಣಗಾದ ಮೇಲೆ, ಒಂದು ಶುಕ್ರವಾರ, ಮರದ ಕೆಲಸಕ್ಕೆ ಕುಳಿತರು. ಈಗ ನನಗೂ ಒಳಗೆ ಪ್ರವೇಶ. ತಾಮ್ರ ಕಾಯಿಸಿ ತಂದುಕೊಟ್ಟು ಬಾಗಿಲ ಬಳಿ ಸ್ಟೂಲಿನಲ್ಲಿ ಕುಳಿತೆ. ಹಳೆಯ ತಂತಿಯನ್ನು ಶಹನಾಝ್ ತುಂಡು ತುಂಡಾಗಿ ಕತ್ತರಿಸಿ ತೆಗೆದಳು. ಪ್ರತಿ ತುಂಡಿಗೂ ಸಫೂರಾ ಬೇರೆ ಕಡೆ ಮುಖ ತಿರುಗಿಸಿದರು, ತಡೆಯಲಿಲ್ಲ. ಸೀಳಿದ ಕೊಂಬೆಯನ್ನು ಬುಡಕ್ಕೆ ಸಮವಾಗಿ ಕೊಯ್ದದ್ದಾಯಿತು. ಈಗ ಮರಕ್ಕೆ ಎಡಭಾಗವೇ ಇಲ್ಲ! ಕುಂಡವನ್ನು ತಿರುಗಿಸಿ ತಿರುಗಿಸಿ ನೋಡಿದಳು ಹುಡುಗಿ. ಹಿಂದೆ ಒಂದು ಬಡಕಲು ಕೊಂಬೆ ಇತ್ತು, ಗೋಡೆಯ ಕಡೆಗೆ ಯಾರ ಗಣನೆಗೂ ಇಲ್ಲದೆ ಬೆಳೆದದ್ದು. ಅದು ಮುಂದೆ ಬರುವಂತೆ ಮರವನ್ನೇ ತಿರುಗಿಸಿ ನಿಲ್ಲಿಸಿದಳು.

"ಇದನ್ನು ಕೆಳಗೆ ಇಳಿಸುವ. ಉಮ್ಮಾ, ನೀವು ಬುಡ ಹಿಡಿದುಕೊಳ್ಳಿ."

"ನಾನಾ? ನನ್ನ ಕೈ ಕೊಲೆಗಾರ ಕೈ."

"ಹಿಡಿಯಿರಿ ಅಂದರೆ!"

ಸೊಸೆ ಗದರಿದ್ದು ಅದೇ ಮೊದಲು. ಅತ್ತೆ ಹಿಡಿದರು. ಶಹನಾಝ್ ಒಂದೊಂದೇ ಸುತ್ತು ಹಾಕುತ್ತ ಹೋದಳು, ಬಿಗಿಯೂ ಅಲ್ಲದೆ ಸಡಿಲವೂ ಅಲ್ಲದೆ. ಆಮೇಲೆ ಎರಡು ಹೆಬ್ಬೆರಳು ಊರಿ ಬಗ್ಗಿಸಿದಳು. ಕೊಂಬೆ ಕಿರುಗುಟ್ಟಿದಾಗ ಮೂವರೂ ಉಸಿರು ಬಿಗಿಹಿಡಿದೆವು. ಮುರಿಯಲಿಲ್ಲ.

"ಈ ಕಡೆಯ ಖಾಲಿ ಜಾಗಕ್ಕೆಂತ ಮಾಡುತ್ತೀ?" ಸಫೂರಾ ಕೇಳಿದರು.

"ಅದು ಹಾಗೇ ಇರಲಿ ಉಮ್ಮಾ. ಅದನ್ನು ತುಂಬಲಿಕ್ಕಾಗುವುದಿಲ್ಲ."

ಮುದುಕಿ ಹೊಸ ತಂತಿಯ ಮೇಲೆ ಬೆರಳಾಡಿಸಿದರು. ಆಮೇಲೆ ಕೇಳಿದರು, "ಈ ತಂತಿ ಕತ್ತರಿಸುವುದು ಯಾವಾಗ?"

"ಬರುವ ವರ್ಷ. ಕಚ್ಚುವ ಮೊದಲು. ನಡುನಡುವೆ ನೋಡುತ್ತಾ ಇರಬೇಕು."

"ಹಾಗಾದರೆ ನೋಡುವವರು ಇಲ್ಲಿ ಇರಬೇಕಲ್ಲ."

ಶಹನಾಝ್ ತಲೆ ಎತ್ತಿದಳು. ಸಫೂರಾ ಎದ್ದು ಹೋಗಿ ಫೋನನ್ನು ತಂತಿ ಸಮೇತ ಎಳೆದು ತಂದು ಅವಳ ಮಡಿಲಲ್ಲಿಟ್ಟರು.

"ಶಾಲೆಯ ಆ ಹೆಂಗಸಿಗೆ ಹೇಳು, ಬರುತ್ತೇನೆಂದು. ಯಲ್ಲಾ, ಬೇಗ! ನನ್ನ ಮನಸ್ಸು ಬದಲಾಗುವ ಮೊದಲು ಹೇಳು."

"ಉಮ್ಮಾ... ನೀವು ಒಬ್ಬರೇ..."

"ನನಗೆ ಶಾಫಿ ಇದ್ದಾನೆ, ಊರುಂಟು, ನೆರೆಕರೆ ಉಂಟು. ಮುಝಮ್ಮಿಲ್‌ಗೆ ಇಲ್ಲಿ ಯಾರಿದ್ದಾರೆ? ವಾರಕ್ಕೊಮ್ಮೆ ಆ ಗೇಟಿನ ಹತ್ತಿರ ನಿಂತು ಒಂದು ಸಲಾಂ ಹೇಳು. ಅಷ್ಟು ಸಾಕು ನನಗೆ..."

ಅತ್ತೆ ಸೊಸೆ ಇಬ್ಬರೂ ಅತ್ತರು ಅಂದು, ಒಂದೇ ಕೋಣೆಯಲ್ಲಿ.

ಸಫೂರಾ ಒಂಟಿಯಾಗಿ ವಿಮಾನ ಹತ್ತಿದರು. ಬಿಟ್ಟು ಬಂದದ್ದು ನಾನೂ ರೋಸ್‌ಮೇರಿಯೂ. ಶಹನಾಝ್ ಶಾಲೆಯ ಕೋಣೆಗೆ ಹೋದಳು. ಕಿಟಕಿಯಲ್ಲಿ ಆ ಮರ, ಸಂಜೆ ಮಾತಾಡಲು ಗೋಡೆ. ಸುಖವಾಗಿದ್ದಳು ಎಂದು ನಾನು ಹೇಳುವುದಿಲ್ಲ. ತನ್ನ ಹಾಗೆ ತಾನು ಇದ್ದಳು. ನಾವು ದೋಹಾ ಬಿಡುವವರೆಗೂ ಮರ ಹಸುರಾಗಿಯೇ ಇತ್ತು.

ಇಷ್ಟೆಲ್ಲ ಈಗ ಯಾಕೆ ಹೇಳಿದೆ ಗೊತ್ತಾ? ಊರಿಗೆ ಹೋದ ಸಫೂರಾ ಜನರಿಗೆ ಹೇಳಿದ್ದೇ ಬೇರೆ. "ಆ ಹುಡುಗಿ ಕಾಲು ಹಿಡಿದು ಬರುತ್ತೇನೆಂದಳು, ನಾನೇ ಬೇಡವೆಂದು ಬಿಟ್ಟು ಬಂದೆ" ಎಂದರು! ಗಂಡ ಸತ್ತವಳು ಅತ್ತೆಮನೆಗೆ ಬರಲೊಲ್ಲದೆ ಪರದೇಶದಲ್ಲಿ ಉಳಿದಳು ಎಂದು ಒಂದು ನಾಲಿಗೆಯೂ ಸೊಸೆಯ ಬಗ್ಗೆ ಆಡಬಾರದು... ಅದಕ್ಕೆ. ಸಾಯುವವರೆಗೂ ಅವರಿಗೆ ಕಲ್ಲೆದೆಯ ಅತ್ತೆ ಎಂಬ ಹೆಸರೇ ಉಳಿಯಿತು. ಒಂದು ದಿನವೂ ತಿದ್ದಲಿಲ್ಲ. ಮೊನ್ನೆ ಒಂದು ಮದುವೆಯ ಊಟದಲ್ಲಿ ಯಾರೋ ಅದೇ ಹೆಸರಿನಿಂದ ಅವರನ್ನು ನೆನೆದು ನಕ್ಕರು. ನಾನು ಅರ್ಧ ಊಟಕ್ಕೇ ಎದ್ದು ಬಂದೆ.

ಉಳ್ಳಾಲದ ಕಡೆ ನಿಮಗೆ ಗುರುತಿನವರು ಇದ್ದಾರಲ್ಲ? ಅವರಿಗೆ ಇದನ್ನು ಕಳಿಸಿ. ತುಂಡು ಮಾಡಬೇಡಿ, ನನ್ನ ಬೈಗುಳ ಸಮೇತ ಪೂರ್ತಿ ಕಳಿಸಿ. ಆಕೆಯ ಹೆಸರನ್ನು ಸರಿಯಾಗಿ ಹೇಳಿ: ಸಫೂರಾ.