ಗುಲಾಬಿ ಅಂಚೆಚೀಟಿ ಮತ್ತು ಬಲ್ಬಿನ ಬೀರು

"ಕೈಪೋನೇ ಕದ್ದಿದ್ದು! ನಾಳೆ ವಿಮಾನ ಹತ್ತೋಕೆ ಮುಂಚೆ ಅವನನ್ನ ಹಿಡೀಬೇಕು."

ತೆಂಗಾನ್ ಅಂಕಲ್ ಮಳೆಯಲ್ಲಿ ನೆನೆದು ನಮ್ಮ ಬಾಗಿಲಲ್ಲಿ ನಿಂತಿದ್ದರು. ಹವಾಯಿಯ ಹೀಲೋ ಊರಿನಲ್ಲಿ ನಾನು ಬಾಡಿಗೆಗಿದ್ದದ್ದು ನಿವೃತ್ತ ಪತ್ತೇದಾರಿ ನೊಹೆಯಾ ಆಂಟಿಯ ಮನೆಯಲ್ಲಿ. ಬಂದವರೊಡನೆ ಮಾತಾಡುವುದು ಅವರ ಪಾಲು, ಮೂಲೆಯಲ್ಲಿ ಕೂತು ಕೇಳುವುದು ನನ್ನದು.

ಕಳುವಾದದ್ದು ಹವಾಯಿ ರಾಜರ ಕಾಲದ ಗುಲಾಬಿ ಅಂಚೆಚೀಟಿ. 1868ರಲ್ಲಿ ಮರಳಿ ಅಚ್ಚಾಗಿ, ಹಿಂಬದಿಗೆ ಅಂಟು ಸವರದೆಯೇ ಹೊರಬಂದದ್ದು. ಅದನ್ನು ನೋಡಲು ವಾರವಾರವೂ ಅಂಕಲ್ ಮನೆಗೆ ಬರುತ್ತಿದ್ದವನು ಬಸ್ ಚಾಲಕ ಕೈಪೋ ಒಬ್ಬನೇ. ಅವನಿಗೆ ಲಾಸ್ ವೇಗಸ್‌ನಲ್ಲಿ ಕೆಲಸ ಸಿಕ್ಕಿತ್ತು. ಪೊಲೀಸರಿಗೆ ದೂರು ಹೋದರೆ ಆ ಕೆಲಸ ಕೈತಪ್ಪುತ್ತಿತ್ತು.

"ಮೊನ್ನೆ ಅವನು ನೋಡಿ ಹೋದಮೇಲೆ ಆಲ್ಬಮ್ ಮೇಜಿನ ಮೇಲೇ ಬಿದ್ದಿದೆ. ನಾನು ಮುಟ್ಟಿಲ್ಲ," ಎಂದರು ಅಂಕಲ್.

ಆಂಟಿ ಎಲ್ಲರನ್ನೂ ಅಂಕಲ್ ಮನೆಗೇ ಕರೆಸಿದರು. ಅಂಚೆಚೀಟಿ ಕ್ಲಬ್ಬಿನ ಕೊರೇಯಾ ಮೇಡಂ ಚಪ್ಪಲಿ ಕಳಚುತ್ತಲೇ ಚುಚ್ಚಿದರು: "ಜೂಜಿಗೆ ಬಂಡವಾಳ ಇಲ್ಲೇ ಹೊಂದಿಸ್ಕೊಂಡ್ಯೇನಪ್ಪಾ?" ಕೈಪೋ ತನ್ನ ಚಪ್ಪಲಿ ಕಳಚಿ ಒಳಬಂದ.

ಕಿಟಕಿಗಳೆಲ್ಲ ತೆರೆದಿದ್ದವು. ಮೂಲೆಯಲ್ಲಿ, ಬೂಷ್ಟು ಹಿಡಿಯದಂತೆ ಒಳಗೆ ಸದಾ ಬಲ್ಬು ಉರಿಯುವ ಬೀರು. ಗೋಡೆಯ ಮೇಲೆ ಅಂಕಲ್ ಅವರ ತೀರಿಹೋದ ಹೆಂಡತಿಯ ಫೋಟೋ ತುಸು ವಾಲಿತ್ತು. ಆಂಟಿ ಹೇಳಿದಂತೆ ನಾನು ಆಲ್ಬಮ್ ತಿರುವಿದೆ. ಹಾಳೆಗಳು ಹಪ್ಪಳದಂತೆ ಗರಿಗರಿಯಾಗಿದ್ದವು. ಚೀಟಿಗಳು ಬೆರಳಿಗೆ ಸರಾಗವಾಗಿ ಜಾರಿದವು.

"ಮೊನ್ನೆಯಿಂದ ಈ ಮಳೆ ತೇವಕ್ಕೆ ಮೇಜಿನ ಮೇಲಿದ್ದಿದ್ರೆ ಹಾಳೆ ಸುಕ್ಕಾಗಿ, ಹಿಂದೆ ಅಂಟು ಇರೋ ಚೀಟಿಗಳೆಲ್ಲ ಹಾಳೆಗೆ ಕಚ್ಚಿಕೊಂಡಿರ್ತಿದ್ವು," ಎಂದರು ಆಂಟಿ. "ಆಲ್ಬಮ್ ಇವತ್ತಿನವರೆಗೂ ಬೀರುವಿನಲ್ಲಿತ್ತು. ಇಟ್ಟೋರು ನೀವೇ ಅಂಕಲ್. ಕೈಪೋ ಹೆಸರು ಕೆಡಿಸೋಕೆ ಮನಸ್ಸು ಬಂತು, ಚೀಟಿ ಕೆಡಿಸೋಕೆ ಬರಲಿಲ್ಲ. ಬೀರುವಿನ ಹೊರಗೆ ಬಚ್ಚಿಟ್ರೂ ಅಂಟಿಕೊಳ್ಳದೇ ಇರೋದು ಆ ಗುಲಾಬಿ ಒಂದೇ."

ಆಂಟಿ ವಾಲಿದ ಫೋಟೋ ಇಳಿಸಿದರು. ಚೀಟಿ ಅದರ ಹಿಂದಿತ್ತು.

ಅಂಕಲ್ ಫೋಟೋವನ್ನು ತಮ್ಮ ಕೈಗೆ ತೆಗೆದುಕೊಂಡರು. "ದೂರು ಅಂದ್ರೆ ಇವನು ಹೋಗೋದು ತಪ್ಪುತ್ತೆ ಅಂದ್ಕೊಂಡೆ. ಇವನೂ ಹೋದ್ರೆ ಈ ಮನೆಗೆ ಯಾರು ಬರ್ತಾರೆ? ಇರು ಅಂದಿದ್ರೆ ಇರ್ತಿದ್ಯೇನೋ?"

"ಇಲ್ಲ ಅಂಕಲ್," ಎಂದ ಕೈಪೋ. "ಇವತ್ತು ಊಟಕ್ಕಿರು ಅಂದಿದ್ರೆ ಇರ್ತಿದ್ದೆ."

ಅವನು ಚಪ್ಪಲಿ ಮೆಟ್ಟಿಕೊಂಡು ಮಳೆಗಿಳಿದ. ಕೊರೇಯಾ ಮೇಡಂ ಕೂಡ ಸದ್ದಿಲ್ಲದೆ ಹೊರಟರು. ಅಂಕಲ್ ಗುಲಾಬಿ ಚೀಟಿಯನ್ನು ಆಲ್ಬಮಿನಲ್ಲಿಟ್ಟು, ಅದನ್ನು ಬೀರುವಿಗೆ ಸೇರಿಸಿ ಬಾಗಿಲು ಮುಚ್ಚಿದರು. ಸಂದಿಯಲ್ಲಿ ಬೆಳಕಿನ ಸಣ್ಣ ಗೆರೆ ಉಳಿಯಿತು.

"ಆ ಚೀಟಿ ನನಗೊಮ್ಮೆ ತೋರಿಸ್ತೀರಾ?" ಎಂದೆ. ಆ ದಿನ ನಾನಾಡಿದ ಮೊದಲ ಮಾತು ಅದು.

ಅಂಕಲ್ ಬೀರುವಿನ ಬಾಗಿಲು ಮತ್ತೆ ತೆರೆದರು.