ಮೊಟಕು ಬಂದೂಕು

ಬದರಿನಾಥ್‌ಗೆ ಬಂದೂಕಿನ ಲೈಸೆನ್ಸ್ ತಪ್ಪಿಸಿದವನು ಬೇರೆ ಯಾರೂ ಅಲ್ಲ, ವರ್ಷಗಟ್ಟಲೆ ಅವನ ಮನೆಯಲ್ಲಿ ಹಬ್ಬದೂಟ ಉಂಡ ತಿಪ್ಪೇಸ್ವಾಮಿ. ಅರ್ಜಿ ಹಾಕಿದವನ ಸ್ವಭಾವ ಎಂಥದ್ದೆಂದು ಪೊಲೀಸರು ತಿಪ್ಪೇಸ್ವಾಮಿಯನ್ನು ಕೇಳಿದ್ದರು. ಗೆಳೆಯ ಅದನ್ನು ಮುಚ್ಚಿಡಲೂ ಇಲ್ಲ.

"ನಿಂಗೆ ಸಿಟ್ಟು ಜಾಸ್ತಿ ಕಣೋ ಬದ್ರಿ. ಕೇಳಿದ್ರು, ಇದ್ದದ್ದು ಹೇಳ್ದೆ."

ಉಂಡ ಮನೆಯ ಜಂತೆ ಎಣಿಸಿದನಲ್ಲ ಎಂದು ಬದರಿನಾಥ್ ಕುದಿದುಹೋದ. ಶೂಟಿಂಗ್ ಕ್ಲಬ್ಬಿನಲ್ಲಿ ಅವನು ಗುಂಡು ಹಾರಿಸುವುದು, ತಾನು ದೂರ ನಿಂತು ಚಪ್ಪಾಳೆ ತಟ್ಟುವುದು. ಅವನ ಲೈಸೆನ್ಸೂ ಹೋಗಬೇಕು, ಅದೂ ಅವನ ಬಂದೂಕಿನಿಂದಲೇ.

ತಿಪ್ಪೇಸ್ವಾಮಿಯ ಬಳಿ ಲಿವರ್ ರೈಫಲ್ ಇತ್ತು. ಕೆಳಗಿನ ಹಿಡಿ ಎಳೆದುಬಿಟ್ಟರೆ ಗುಂಡು ಏರುವಂಥದ್ದು. ಹಳೆಯ ಟೀವಿ ಸರಣಿಗಳ ಕೌಬಾಯ್‌ಗಳು ಅಂಥದ್ದನ್ನೇ ಮೊಟಕು ಮಾಡಿ ತೊಡೆಗೆ ಕಟ್ಟಿಕೊಳ್ಳುತ್ತಿದ್ದರು. ತನಗೂ ಹಾಗೊಂದು ಬೇಕೆಂದು ಅವನು ಬಾರ್ಬೆಕ್ಯೂಗಳಲ್ಲೆಲ್ಲ ತೊಡೆ ತಟ್ಟಿ ಹೇಳುತ್ತಿದ್ದ. ಅದನ್ನು ಕೇಳದ ಕನ್ನಡಿಗ ಕ್ರೈಸ್ಟ್‌ಚರ್ಚ್‌ನಲ್ಲಿ ಇರಲಿಲ್ಲ. ಆದರೆ ಇಲ್ಲಿನ ಕಾನೂನಿನಲ್ಲಿ ರೈಫಲ್ ಒಂದು ಅಳತೆಗಿಂತ ಗಿಡ್ಡವಾದರೆ ಅದು ಪಿಸ್ತೂಲು. ಅನುಮತಿಯಿಲ್ಲದೆ ಇಟ್ಟುಕೊಂಡವನಿಗೆ ಜೈಲೂ ಆಗಬಹುದು.

ತಿಪ್ಪೇಸ್ವಾಮಿಯೂ ಹೆಂಡತಿ ಅಂಬುಜಾಳೂ ವೆಲ್ಲಿಂಗ್ಟನ್ನಿನ ಮಗಳ ಮನೆಗೆ ಹೋದ ಶನಿವಾರ, ಬದರಿನಾಥ್ ಹಗಲಲ್ಲೇ ಬಂದ. ಗರಾಜಿನ ಪಕ್ಕದ ಬಾಗಿಲಿನ ಚಿಲಕ ಕೆಟ್ಟಿರುವುದು ಗೊತ್ತಿತ್ತು. ಗ್ಲೌಸ್ ಹಾಕಿಕೊಂಡೇ ಒಳಹೊಕ್ಕ. ಬಂದೂಕಿನ ಪೆಟ್ಟಿಗೆಯ ಕೀ ದೇವರ ಕೋಣೆಯಲ್ಲಿ, ಲಕ್ಷ್ಮಿಯ ಪಟದ ಹಿಂದೆ. ದೇವರ ಹಿಂದಿನಿಂದ ಯಾರು ಕದೀತಾರೆ ಎಂದು ಒಂದು ದಿನ ತಿಪ್ಪೇಸ್ವಾಮಿ ನಂಬಿ ಇವನೊಬ್ಬನಿಗೇ ಹೇಳಿದ್ದ. ಹಾರ್ನ್‌ಬಿಯ ಕಾರ್ಖಾನೆಯಲ್ಲಿ ದಿನವೂ ಉಕ್ಕು ಕತ್ತರಿಸುವವನಿಗೆ ಉಳಿದದ್ದು ಕಷ್ಟವಾಗಲಿಲ್ಲ. ಗರಗಸವೂ ತಿಪ್ಪೇಸ್ವಾಮಿಯದೇ, ಕಬ್ಬಿಣದ ಪುಡಿ ಉದುರಿದ್ದೂ ಅವನ ಗರಾಜಿನಲ್ಲೇ. ಮೊಟಕಾದ ಬಂದೂಕನ್ನು ಪೆಟ್ಟಿಗೆಯಲ್ಲಿಟ್ಟು ಕೀಯನ್ನು ಲಕ್ಷ್ಮಿಗೇ ಒಪ್ಪಿಸಿದ. ಮಾಡಿದ್ದುಣ್ಣೋ ಮಹರಾಯ ಎಂದು ಮನಸಾರೆ ನಕ್ಕ.

ಭಾನುವಾರ ಗಂಡಹೆಂಡತಿ ಸೂಟ್‌ಕೇಸ್ ಇಳಿಸುವಷ್ಟರಲ್ಲಿ ಪೊಲೀಸರು ಬಾಗಿಲಲ್ಲಿದ್ದರು. ಹೆಸರು ಹೇಳದ ಯಾರೋ ಫೋನ್ ಮಾಡಿದ್ದರಂತೆ. ತಿಪ್ಪೇಸ್ವಾಮಿ ಅತ್ತೇಬಿಟ್ಟನೆಂಬ ಸುದ್ದಿ ಕೇಳಿ ಬದರಿನಾಥ್ ಎರಡನೇ ಸಲ ಕಾಫಿ ಮಾಡಿಕೊಂಡು ಕುಡಿದ.

ಮರುದಿನ ಪೊಲೀಸರು ಅವನ ಮನೆಗೂ ಬಂದರು. ಕೀ ಎಲ್ಲಿದೆಯೆಂದು ಮನೆಯವರನ್ನು ಬಿಟ್ಟರೆ ಇವನೊಬ್ಬನಿಗೇ ಗೊತ್ತೆಂದು ತಿಪ್ಪೇಸ್ವಾಮಿ ಹೇಳಿದ್ದನಂತೆ. ಹೇಳಲಿ. ಬೇಕಾದರೆ ಬೆರಳಚ್ಚು ತೆಗೆದುಕೊಳ್ಳಿ ಎಂದು ಬದರಿನಾಥ್ ತಾನಾಗಿಯೇ ಎರಡೂ ಕೈ ಚಾಚಿದ.

ಬಂದಿದ್ದ ಅಧಿಕಾರಿಣಿ ಅವನ ಕೈ ನೋಡಲಿಲ್ಲ, ಸಾಕ್ಸ್ ಬಿಚ್ಚಲು ಹೇಳಿದಳು. ಊರಿಗೆ ಹೊರಡುವ ಮುನ್ನ ಅಂಬುಜಾ ಒರೆಸಿ ಹೋಗಿದ್ದ ದೇವರ ಕೋಣೆಯಲ್ಲಿ ದೀಪದ ಎಣ್ಣೆ ನೆಲಕ್ಕೆ ಸೋರಿತ್ತು. ಅದರ ಮೇಲೆ ಬರಿಗಾಲಿನ ಐದು ಬೆರಳೂ ಗೆರೆಗೆರೆಯಾಗಿ ಮೂಡಿದ್ದವು. ಕೊನೆತನಕ ಗ್ಲೌಸ್ ತೆಗೆಯದ ಬದರಿನಾಥ್, ಲಕ್ಷ್ಮಿಯ ಮುಂದೆ ಮಾತ್ರ ಶೂ, ಸಾಕ್ಸ್ ಎರಡನ್ನೂ ಬಿಚ್ಚಿಟ್ಟು ಒಳಗೆ ಹೋಗಿದ್ದ. ಬಿಚ್ಚಿದ್ದು ಅವನಿಗೆ ನೆನಪೇ ಇರಲಿಲ್ಲ.