ಹೂಂ ಅನ್ನದ ಮಧ್ಯಾಹ್ನ

ತೀರಿಕೊಂಡ ಅಪ್ಪ ರಾಗವಾಗಿ ಓದಿ ರೆಕಾರ್ಡ್ ಮಾಡಿದ ಪದ್ಯಗಳೆಲ್ಲ ಸಹಕಾರನಗರದ ನಮ್ಮ ಮನೆಯ ಹಳೇ ಲಿನಕ್ಸ್ ಕಂಪ್ಯೂಟರಿನಲ್ಲಿದ್ದವು, ಬೇರೆಲ್ಲೂ ಇರಲಿಲ್ಲ. ಪೆನ್‌ಡ್ರೈವಿಗೆ ಹಾಕಲು ಹೋದರೆ ಹ್ಯಾಂಗ್ ಆಗುತ್ತಿತ್ತು. ಬದುಕಿದ್ದಾಗ ಪದ್ಯ ಪದ್ಯಕ್ಕೂ ನಾನು ಹೂಂಗುಟ್ಟದಿದ್ದರೆ ಅಪ್ಪ ಮುಂದಕ್ಕೆ ಓದುತ್ತಿರಲಿಲ್ಲ. ಈಗಲೂ ನಾನು "ಹೂಂ" ಅಂದರೆ ಮಾತ್ರ ಮೌಸ್ ಅಲುಗುತ್ತಿತ್ತು, ಮತ್ತೆ ನಿಲ್ಲುತ್ತಿತ್ತು.

"ರ‍್ಯಾಮ್ ಸಾಲ್ತಿಲ್ಲ ಕಣಕ್ಕಾ, ಎಲ್ಲಾ ಅಳಿಸಿ ಫಾರ್ಮ್ಯಾಟ್ ಮಾಡ್ಬಿಡ್ತೀನಿ," ಎಂದ ತಮ್ಮ ಸುಬ್ರಮಣಿ.

"ಮುಟ್ಟಿದ್ರೆ ಕೈ ಮುರೀತೀನಿ," ಎಂದೆ. ಪರದೆಯ ಕಡೆ ತಿರುಗಿ, "ಅಪ್ಪಾ, ಸತ್ತ ಮೇಲೂ ನಾನೇ ಹೂಂಗುಟ್ಬೇಕಾ? ಇವತ್ತು ಅನ್ನಲ್ಲ, ನೋಡೇಬಿಡೋಣ," ಎಂದು ತುಟಿ ಬಿಗಿದು ಕುಳಿತೆ.

ಸುಡುಬೇಸಿಗೆಯಲ್ಲೂ ಕೀಬೋರ್ಡ್ ತಣ್ಣಗೆ ಕೊರೆಯತೊಡಗಿತು. ಸ್ಪೀಕರಿನಲ್ಲಿ ಬೇರೆ ಯಾರೋ ಹುಡುಗಿ "ಹೂಂ" ಅಂದಳು. ಪದ್ಯಗಳೆಲ್ಲ ಸರಸರನೆ ಕಾಪಿಯಾದವು.

ಸ್ಪೀಕರಿನ ವೈರನ್ನು ಸುಬ್ರಮಣಿ ಬೆಳಿಗ್ಗೆಯೇ ಕಿತ್ತಿಟ್ಟಿದ್ದ.